ಎರಡನೆಯವನು ಇಳಿಯುವ ಮುನ್ನ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಜಿಲ್ಲಾ ಪುಟಗಳಲ್ಲಿ ಒಂದು ಬಗೆಯ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಬಾವಿಯ ಹೂಳೆತ್ತಲೋ ಶೌಚಗುಂಡಿ ಖಾಲಿ ಮಾಡಲೋ ಒಬ್ಬ ಇಳಿದ, ಕುಸಿದ. ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನೂ ಮೇಲೆ ಬರಲಿಲ್ಲ. ಕೆಲವೊಮ್ಮೆ ಮೂರನೆಯವನೂ ಹೋಗಿರುತ್ತಾನೆ. ಓದಿದವರು ಮೊದಲನೆಯವನಿಗೆ ಅಯ್ಯೋ ಪಾಪ ಎನ್ನುತ್ತಾರೆ, ಎರಡನೆಯವನದು ಭಂಡ ಧೈರ್ಯ ಎಂದು ಪುಟ ತಿರುಗಿಸುತ್ತಾರೆ. ಇಕ್ಕಟ್ಟಾದ ಜಾಗಗಳಲ್ಲಿ ದುಡಿಯುವವರಿಗೆ ಸುರಕ್ಷತೆಯ ತರಬೇತಿ ಕೊಡುವ ನಾವು ಆ ಎರಡನೆಯವನ ಪರವಾಗಿ ಈ ಪತ್ರ ಬರೆಯುತ್ತಿದ್ದೇವೆ.

ಅವನು ಇಳಿಯುವುದು ಕೆಳಗೇನಿದೆ ಎಂದು ತಿಳಿಯದೆ ಇರುವುದರಿಂದ. ತಿಳಿದಿದ್ದರೆ ಆ ಧೈರ್ಯವೇ ಹುಟ್ಟುತ್ತಿರಲಿಲ್ಲ. ಗೆಳೆಯನೋ ಅಣ್ಣನೋ ಕೆಳಗೆ ಬಿದ್ದಿರುವಾಗ ದಂಡೆಯ ಮೇಲೆ ನಿಂತು ಯಾರೂ ಗಾಳಿಯ ಲೆಕ್ಕ ಹಾಕುವುದಿಲ್ಲ, ಹಾಕಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆ ಪತ್ರದಲ್ಲಿ ಇಂಥ ಜಾಗಗಳಲ್ಲಿ ಸತ್ತವರ ಪೈಕಿ ಶೇ 60ಕ್ಕೂ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದು ಹೇಳಿತ್ತು. ಅಂದರೆ ಇದು ನಮ್ಮೂರಿನವರ ಅವಸರದ ಗುಣವಲ್ಲ, ಎಲ್ಲ ಕಡೆಯ ಮನುಷ್ಯರೂ ಹೀಗೇ ಇಳಿಯುತ್ತಾರೆ. ಹಾಗಿರುವಾಗ "ಇಳಿಯಬೇಡಿ" ಎಂಬ ಬುದ್ಧಿವಾದ ಆ ಕ್ಷಣದಲ್ಲಿ ಯಾರ ಕಿವಿಗೂ ಬೀಳದು. ಮೊದಲನೆಯವನು ಇಳಿಯುವ ಮುನ್ನವೇ ಅವನ ಬೆನ್ನಿಗೆ ಹಗ್ಗ ಕಟ್ಟಿರಬೇಕು. ಆಗ ಎರಡನೆಯವನ ಧೈರ್ಯಕ್ಕೆ ಮೇಲೆಯೇ ಕೆಲಸ ಇರುತ್ತದೆ.

ನೀರು ತುಂಬಿದ ಬಾವಿಗೆ ಮಗು ಬಿದ್ದರೆ ಈಜು ಬಲ್ಲವನು ಹಿಂದೆಮುಂದೆ ನೋಡದೆ ಹಾರುತ್ತಾನೆ, ಬಹಳ ಸಲ ಗೆದ್ದೂ ಬರುತ್ತಾನೆ. ಹಳ್ಳಿಯ ಧೈರ್ಯ ಪಳಗಿರುವುದು ಅಲ್ಲಿ. ನೀರಿನ ಆಳ, ಸೆಳೆತ, ತನ್ನ ತೋಳಿನ ಬಲ ಎಲ್ಲವೂ ಅವನಿಗೆ ಕಣ್ಣಂದಾಜಿಗೆ ಸಿಗುತ್ತವೆ. ನೀರು ಬತ್ತಿದ ಅದೇ ಬಾವಿಯ ತಳದಲ್ಲಿ ಕೂತ ಗಾಳಿಗೆ ಬಣ್ಣವಿಲ್ಲ, ಸದ್ದಿಲ್ಲ. ಬಿದ್ದವನನ್ನು ನೋಡಿದರೆ ಕಾಲು ಜಾರಿರಬೇಕು, ತಲೆ ಸುತ್ತಿರಬೇಕು, ಹಾವು ಕಚ್ಚಿರಬೇಕು, ಮೋಟಾರಿನ ಕರೆಂಟು ಹೊಡೆದಿರಬೇಕು ಎಂದೇ ಅನ್ನಿಸುತ್ತದೆ. ಈ ನಾಲ್ಕಕ್ಕೂ ಇಳಿಯುವುದೇ ಸರಿಯಾದ ಉತ್ತರವಾಗಿ ತೋರುತ್ತದೆ.

ದೇಹ ಎಚ್ಚರಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಇಲ್ಲ, ಇದೇ ವಿಷಯದ ತಿರುಳು. ಉಸಿರು ಕಟ್ಟಿದಾಗ ಆಗುವ ಚಡಪಡಿಕೆ ಆಮ್ಲಜನಕ ಕಡಿಮೆಯಾಗಿದ್ದಕ್ಕೆ ಹುಟ್ಟುವುದಲ್ಲ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದಕ್ಕೆ ಹುಟ್ಟುವುದು. ಉಸಿರಾಟದ ಲಯವನ್ನು ಮುಖ್ಯವಾಗಿ ಈ ಅನಿಲವೇ ನಡೆಸುತ್ತದೆ ಎಂದು ಬ್ರಿಟನ್ನಿನ ಶರೀರಶಾಸ್ತ್ರಜ್ಞರಾದ ಜೆ.ಎಸ್. ಹಾಲ್ಡೇನ್ ಮತ್ತು ಜೆ.ಜಿ. ಪ್ರೀಸ್ಟ್ಲಿ 1905ರಲ್ಲಿ ತೋರಿಸಿಕೊಟ್ಟರು. ಸುತ್ತಲಿನ ಗಾಳಿಯಲ್ಲಿ ಡೈಆಕ್ಸೈಡ್ ಹೆಚ್ಚದೆ ಆಮ್ಲಜನಕ ಮಾತ್ರ ಇಳಿದಿದ್ದರೆ ಒಳಗಿರುವವನು ಉಸಿರು ಬಿಟ್ಟಂತೆಲ್ಲ ಡೈಆಕ್ಸೈಡ್ ಹೊರಹೋಗುತ್ತಲೇ ಇರುತ್ತದೆ, ಹಾಗಾಗಿ ಸಂಕಟವೇ ಆಗುವುದಿಲ್ಲ. ನಮ್ಮ ಸುತ್ತಲಿನ ಗಾಳಿಯಲ್ಲಿ ಆಮ್ಲಜನಕ ಶೇ 20.9. ಶೇ 19.5ಕ್ಕಿಂತ ಕೆಳಗಾದರೆ ಇಳಿಯಕೂಡದು. ಶೇ 16ರ ಸುತ್ತ ಯೋಚನೆ ಮಂಕಾಗಿ ಕೈಕಾಲು ಹಿಡಿತ ತಪ್ಪುತ್ತದೆ, ಆದರೆ ಆ ಮಂಕಿನಲ್ಲಿರುವವನಿಗೆ ತಾನು ಸರಿಯಾಗಿಯೇ ಇದ್ದೇನೆ ಎನ್ನಿಸುತ್ತಿರುತ್ತದೆ. ಶೇ 10ಕ್ಕಿಂತ ಕೆಳಗೆ ಪ್ರಜ್ಞೆ ಉಳಿಯದು. ಶೇ 6ಕ್ಕಿಂತ ಕೆಳಗಿನ ಗಾಳಿಯಲ್ಲಿ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತಾನೆ, ಏಕೆಂದರೆ ಅಂಥ ಗಾಳಿ ಶ್ವಾಸಕೋಶಕ್ಕೆ ಹೋದಾಗ ರಕ್ತದಲ್ಲಿ ಉಳಿದಿದ್ದ ಆಮ್ಲಜನಕವೂ ಹಿಮ್ಮುಖವಾಗಿ ಹೊರಗೆ ಸೋರುತ್ತದೆ.

ಮೂಗು ಹಿಡಿದುಕೊಂಡು ಒಂದೇ ಓಟದಲ್ಲಿ ಇಳಿದು ಎತ್ತಿಕೊಂಡು ಬರುತ್ತೇನೆ ಎನ್ನುವ ಲೆಕ್ಕ ಕೈಕೊಡುವುದೂ ಇಲ್ಲಿಯೇ. ಸುಮ್ಮನೆ ಕೂತವನು ಒಂದು ನಿಮಿಷ ಉಸಿರು ಹಿಡಿದಾನು. ಏಣಿ ಇಳಿದು, 65 ಕಿಲೋ ತೂಕದ ಕುಸಿದ ಮೈಯನ್ನು ಎತ್ತಲು ಬಲ ಹಾಕಿದಾಗ 20–30 ಸೆಕೆಂಡಿಗೇ ಉಸಿರು ಬಿಡಬೇಕಾಗುತ್ತದೆ. ಹಾಗೆ ಬಿಟ್ಟ ಮೇಲೆ ಎಳೆದುಕೊಳ್ಳುವುದು ಎದೆ ತುಂಬುವ ದೊಡ್ಡ ಉಸಿರು, ಅದೂ ತಳದ ಗಾಳಿಯನ್ನೇ.

ಶೌಚಗುಂಡಿ, ಮ್ಯಾನ್‌ಹೋಲ್, ಅಪಾರ್ಟ್‌ಮೆಂಟುಗಳ ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಿಸುವ ಘಟಕ), ಮೀನಿನ ತ್ಯಾಜ್ಯದ ತೊಟ್ಟಿ ಇವುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮುಂದಿನದು: ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ, ಅಂದರೆ 100 ಪಿಪಿಎಂ ಮುಟ್ಟುವಷ್ಟರಲ್ಲಿ ಈ ಅನಿಲ ಮೂಗಿನ ನರವನ್ನೇ ಮರಗಟ್ಟಿಸುತ್ತದೆ. "ಮೊದಲು ನಾರುತ್ತಿತ್ತು, ಈಗ ವಾಸನೆ ಹೋಯಿತು, ಇಳಿಯಬಹುದು" ಎನ್ನುವ ಮಾತು ಕೆಲಸದ ಜಾಗಗಳಲ್ಲಿ ಕೇಳಿಬರುತ್ತದೆ. ಆ ಮಾತು ಬಂದ ಕೂಡಲೇ ಕೆಲಸ ನಿಲ್ಲಿಸಬೇಕು. 500–700 ಪಿಪಿಎಂನಲ್ಲಿ ನಿಮಿಷಗಳಲ್ಲಿ ಕುಸಿತ, ಸಾವಿರದ ಹತ್ತಿರ ಒಂದೆರಡು ಉಸಿರಿಗೆ ಪ್ರಜ್ಞೆ ಹೋಗುತ್ತದೆ. ಇದು ಗಾಳಿಗಿಂತ ಭಾರ, ಹಾಗಾಗಿ ತಳ ಹಿಡಿದಿರುತ್ತದೆ. ಇದರ ಬಹುಪಾಲು ಕೆಸರಿನೊಳಗೆ ಕರಗಿ ಸುಮ್ಮನಿರುವುದೂ ಉಂಟು. ಇಳಿಯುವ ಮೊದಲು ಅಳೆದಾಗ ಏನೂ ತೋರದೆ, ಕಾಲಿಟ್ಟು ಕೆಸರು ಕದಡಿದ ತಕ್ಷಣ ಬುಗ್ಗೆಯಂತೆ ಏಳುತ್ತದೆ. ಒಮ್ಮೆ ಅಳೆದೆವಲ್ಲ ಎಂದು ನಂಬಿ ಇಳಿದವರು ಬೀಳುವುದಕ್ಕೆ ಇದೇ ಕಾರಣ.

ಬಾವಿಯದು ಬೇರೆ ಬಗೆ. ಅಲ್ಲಿ ಹೆಚ್ಚಾಗಿ ಇರುವುದು ಇಂಗಾಲದ ಡೈಆಕ್ಸೈಡ್, ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬೇರು, ಎಲೆ, ಮಣ್ಣಿನ ಜೀವಿಗಳು ಬಿಡುವ ಈ ಅನಿಲ ಮಣ್ಣಿನ ಸಂದುಗಳಿಂದ ಬಾವಿಗೆ ಸೋರುತ್ತದೆ. ವಾಯುಭಾರ ಇಳಿದ ಮೋಡದ ದಿನ ಹೆಚ್ಚು ಸೋರುತ್ತದೆ. ಚಳಿಗಾಲದ ರಾತ್ರಿಯಲ್ಲಿ ಹೊರಗಿನ ತಂಪು ಗಾಳಿ ಭಾರವಾಗಿ ತಾನೇ ಬಾವಿಗಿಳಿದು ಕಲಕುತ್ತದೆ, ಬೇಸಿಗೆಯಲ್ಲಿ ಹೊರಗಿನ ಬಿಸಿ ಗಾಳಿ ಹಗುರ, ಒಳಗಿನದು ತಂಪು, ಭಾರ, ಅಲುಗಾಡದು. ಹೂಳೆತ್ತುವುದು ನೀರು ತಳ ಕಂಡಾಗ, ಅಂದರೆ ಮಾರ್ಚಿನಿಂದ ಮೇವರೆಗೆ. ಬಾವಿಯ ಗಾಳಿ ಅತಿ ಕೆಟ್ಟಿರುವ ಕಾಲವೂ ಅದೇ. "ಹೋದ ವರ್ಷ ಇದೇ ಬಾವಿಗೆ ಇಳಿದಿದ್ದೆ" ಎನ್ನುವುದು ಆದ್ದರಿಂದ ಯಾವ ಭರವಸೆಯನ್ನೂ ಕೊಡುವುದಿಲ್ಲ. ನಿನ್ನೆ ಇಳಿದಿದ್ದೆ ಎನ್ನುವುದೂ ಕೊಡುವುದಿಲ್ಲ.

ಇದಕ್ಕೆ ನಾವೇ ಸೇರಿಸುವ ವಿಷ ಇನ್ನೊಂದಿದೆ. ದಂಡೆಯ ಮೇಲಿಟ್ಟ ಪಂಪು ಏಳೆಂಟು ಮೀಟರಿಗಿಂತ ಆಳದ ನೀರನ್ನು ಎಳೆಯಲಾರದು. ಆಗ ಪೆಟ್ರೋಲ್ ಇಲ್ಲವೇ ಡೀಸೆಲ್ ಪಂಪನ್ನೇ ಹಗ್ಗ ಕಟ್ಟಿ ಒಳಗೆ ಹಲಗೆಯ ಮೇಲೆ ಇಳಿಸುತ್ತಾರೆ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಎಂಜಿನ್ ಆರಿಸಿದ ಮೇಲೂ ಅದು ಬಾವಿಯಲ್ಲೇ ಉಳಿದಿರುತ್ತದೆ. ಬಾವಿಯೊಳಗೆ ಎಂಜಿನ್ ಇಳಿಸಲೇಬಾರದು. ವಿದ್ಯುತ್ ಸಬ್‌ಮರ್ಸಿಬಲ್ ಪಂಪಿನಿಂದ ನೀರೆತ್ತಿ, ಅದನ್ನು ಆಫ್ ಮಾಡಿ, ಫ್ಯೂಸ್ ಕಿತ್ತು ಕೈಯಲ್ಲಿಟ್ಟುಕೊಂಡ ಮೇಲೆಯೇ ಜನ ಇಳಿಯಬೇಕು.

ಹಿಂದಿನವರಿಗೆ ಇದರ ಅರಿವು ಇತ್ತು. ಉತ್ತರ ಕರ್ನಾಟಕದ ಹಗೇವುಗಳಲ್ಲಿ, ಅಂದರೆ ಧಾನ್ಯ ತುಂಬಿಡುವ ನೆಲದಡಿಯ ಗುಂಡಿಗಳಲ್ಲಿ, ಜೋಳ ಕೆಡದೆ ಉಳಿಯುತ್ತಿದ್ದುದು ಕಾಳೇ ಆಮ್ಲಜನಕವನ್ನು ತಿಂದು ಡೈಆಕ್ಸೈಡ್ ತುಂಬಿಸುತ್ತಿದ್ದುದರಿಂದ. ಹುಳು ಬದುಕದ ಆ ಗಾಳಿಯಲ್ಲಿ ಮನುಷ್ಯನೂ ಬದುಕಲಾರ. ಅದಕ್ಕೇ ಹಗೇವಿನ ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ದೀಪ ಇಳಿಸಿ ನೋಡಿ ಇಳಿಯುವ ರೂಢಿ ಬಂತು. ದೀಪ ಆರಿದರೆ ಖಂಡಿತ ಇಳಿಯಬಾರದು, ಆ ಮಟ್ಟಿಗೆ ಈ ರೂಢಿ ಇಂದಿಗೂ ನಿಜ. ಆದರೆ ದೀಪ ಉರಿದರೆ ಇಳಿಯಬಹುದು ಎಂಬುದು ತಪ್ಪು. ದೀಪ ಆರುವುದು ಆಮ್ಲಜನಕ ಶೇ 16–17ಕ್ಕೆ ಇಳಿದಾಗ, ಅಷ್ಟರಲ್ಲಿ ಮನುಷ್ಯನ ಬುದ್ಧಿ ಮಂಕಾಗಿರುತ್ತದೆ. ಕೊಲ್ಲುವ ಸಾವಿರ ಪಿಪಿಎಂ ಹೈಡ್ರೋಜನ್ ಸಲ್ಫೈಡ್ ಎಂದರೆ ಗಾಳಿಯ ಶೇ 0.1 ಮಾತ್ರ, ಅದರ ನಡುವೆ ದೀಪ ಚೆನ್ನಾಗಿಯೇ ಉರಿಯುತ್ತದೆ. ಶೌಚಗುಂಡಿ, ಗೋಬರ್ ಗ್ಯಾಸ್ ಗುಂಡಿಗಳಿಗೆ ದೀಪ ಇಳಿಸುವುದಂತೂ ನೇರ ಅನಾಹುತ: ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರೆ ಸಿಡಿಯುತ್ತದೆ. ಬೀಡಿ, ಮೊಬೈಲ್ ಟಾರ್ಚ್ ಇವೂ ಅಲ್ಲಿಗೆ ಸಲ್ಲವು.

ದೀಪದ ಕೆಲಸ ಈಗ ನಾಲ್ಕು ಅನಿಲ ಅಳೆಯುವ ಕೈಮಾಪಕದ್ದು. ಆಮ್ಲಜನಕ, ಸಿಡಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ನಾಲ್ಕನ್ನೂ ಅಂಗೈಯಗಲದ ಪೆಟ್ಟಿಗೆ ತೋರಿಸುತ್ತದೆ. ಆಮ್ಲಜನಕ 19.5ಕ್ಕಿಂತ ಕಡಿಮೆಯಾದರೆ ಇಲ್ಲವೇ 23.5 ದಾಟಿದರೆ, ಸಿಡಿಯುವ ಅನಿಲ ಸಿಡಿಯಲು ಬೇಕಾದ ಕನಿಷ್ಠ ಪ್ರಮಾಣದ ಶೇ 10 ಮುಟ್ಟಿದರೆ, ಸಲ್ಫೈಡ್ 10 ಪಿಪಿಎಂ, ಮೊನಾಕ್ಸೈಡ್ 35 ಪಿಪಿಎಂ ಆದರೆ ಅದು ಕೂಗಬೇಕು. ಮೇಲೆ ನಿಂತೇ ಹಗ್ಗಕ್ಕೋ ಗಾಳಿಯ ಮಾದರಿ ಎಳೆಯುವ ಕೊಳವೆಗೋ ಸೇರಿಸಿ ಇಳಿಸಿ, ಪ್ರತಿ 1.2 ಮೀಟರಿಗೆ ನಿಲ್ಲಿಸಿ, ಅಂಕಿ ಅಲುಗಾಡುವುದು ನಿಲ್ಲುವವರೆಗೆ ಕಾಯಬೇಕು. ಬಾಯಿಯ ಬಳಿ ಮಾತ್ರ ಹಿಡಿದು "ಎಲ್ಲ ಸರಿಯಿದೆ" ಎನ್ನುವುದು ಸಾಮಾನ್ಯ ತಪ್ಪು. ಹಗುರ ಮೀಥೇನ್ ಮೇಲೆ, ಡೈಆಕ್ಸೈಡ್ ಮತ್ತು ಸಲ್ಫೈಡ್ ತಳದಲ್ಲಿ ಇರುತ್ತವೆ. ಇಳಿದವನ ಎದೆಯ ಮೇಲೂ ಒಂದು ಮಾಪಕ ಕೆಲಸ ಮುಗಿಯುವವರೆಗೆ ಇರಬೇಕು, ಕೆಸರು ಕದಡಿದಾಗ ಎಚ್ಚರಿಸುವುದು ಅದು. ಇದರ ಸೆನ್ಸಾರ್‌ಗಳು ಎರಡು ಮೂರು ವರ್ಷಕ್ಕೆ ಸಾಯುತ್ತವೆ, ಸತ್ತ ಸೆನ್ಸಾರ್ ಸೊನ್ನೆ ತೋರಿಸುತ್ತ ಕೂತಿರುತ್ತದೆ. ಆದ್ದರಿಂದ ಪ್ರತಿ ದಿನ ಕೆಲಸಕ್ಕೆ ಮುಂಚೆ ಪರೀಕ್ಷಾ ಅನಿಲ ಊದಿ ಅದು ಕೂಗುತ್ತದೆಯೇ ನೋಡಬೇಕು. ಪರೀಕ್ಷಿಸದೆ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಮಾಪಕಕ್ಕಿಂತ ಮಾಪಕ ಇಲ್ಲದಿರುವುದೇ ಮೇಲು, ಏಕೆಂದರೆ ಅದರ ಸೊನ್ನೆಯನ್ನು ಜನ ನಂಬುತ್ತಾರೆ.

ಗಾಳಿ ಊದುವ ವಿಷಯದಲ್ಲಿ ಒಂದು ಲೆಕ್ಕ ಹೇಳುತ್ತೇವೆ. 2 ಮೀಟರ್ ಅಗಲ, 12 ಮೀಟರ್ ಆಳದ ಬಾವಿಯಲ್ಲಿ ಸುಮಾರು 38 ಘನ ಮೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 10 ಘನ ಮೀಟರ್ ಊದುವ ಬ್ಲೋವರ್ ಆದರೆ ಒಮ್ಮೆ ಬದಲಿಸಲು ನಾಲ್ಕು ನಿಮಿಷ ಬೇಕು. ಹೊಸ ಗಾಳಿ ಹಳೆಯದರೊಡನೆ ಬೆರೆಯುತ್ತ ಹೋಗುವುದರಿಂದ ಒಂದು ಸಲ ಸಾಲದು, ಏಳು ಸಲದಷ್ಟು ಊದಬೇಕು. ಅಂದರೆ ಸುಮಾರು ಅರ್ಧ ಗಂಟೆ. ಬ್ಲೋವರಿನ ಬಟ್ಟೆ ಕೊಳವೆ ತಳದಿಂದ ಒಂದು ಮೀಟರಿನೊಳಗೆ ತಲುಪಿರಬೇಕು, ಅರ್ಧಕ್ಕೇ ನಿಂತರೆ ಊದಿದ ಗಾಳಿ ಅಲ್ಲಿಂದಲೇ ಮೇಲಕ್ಕೆ ತಿರುಗಿ, ತಳ ಹಾಗೆಯೇ ಉಳಿಯುತ್ತದೆ. ಕೊಳವೆ ಮಡಿಚಿಕೊಂಡರೂ ಹರಿವು ಅರ್ಧಕ್ಕರ್ಧ ಹೋಗುತ್ತದೆ. ಬ್ಲೋವರಿನ ಬಾಯಿ ಜನರೇಟರ್ ಹೊಗೆಯ ಕಡೆಗೆ ಇರಬಾರದು. ಕೆಲಸ ಮುಗಿಯುವವರೆಗೆ ನಿಲ್ಲಿಸಬಾರದು. ಸೊಪ್ಪಿನ ಕಟ್ಟು ಇಳಿಸಿ ಮೇಲೆ ಕೆಳಗೆ ಆಡಿಸುವುದು, ಕೊಡಗಟ್ಟಲೆ ನೀರು ಸುರಿಯುವುದು ಸಣ್ಣ ಬಾವಿಯ ಗಾಳಿಯನ್ನು ಒಂದಿಷ್ಟು ಕಲಕುತ್ತವೆ, ಎಷ್ಟು ಕಲಕಿದವು ಎಂದು ಹೇಳಲು ಮಾಪಕವೇ ಬೇಕು. ಬಾಯಿಯ ಮೇಲೆ ಟೇಬಲ್ ಫ್ಯಾನ್ ಇಡುವುದರಿಂದ ತಳಕ್ಕೇನೂ ಆಗದು. ವೆಲ್ಡಿಂಗ್ ಸಿಲಿಂಡರಿನ ಆಮ್ಲಜನಕ ಬಿಡುವುದು ಬೆಂಕಿಗೆ ಆಹ್ವಾನ. ಮುಖಕ್ಕೆ ಕಟ್ಟಿದ ಒದ್ದೆ ಟವೆಲು, ಎನ್95 ಮಾಸ್ಕು ದೂಳಿಗೆ ಮಾತ್ರ, ಅನಿಲವನ್ನು ತಡೆಯವು, ಇಲ್ಲದ ಆಮ್ಲಜನಕವನ್ನು ಕೊಡಲಾರವು.

ಈಗ ಹಗ್ಗದ ಮಾತು. ಇದೊಂದು ಸರಿಯಿದ್ದರೆ ಉಳಿದದ್ದರಲ್ಲಿ ಒಂದೆರಡು ತಪ್ಪಾದರೂ ಜೀವ ಉಳಿದೀತು. ಸೊಂಟಕ್ಕೆ ಕಟ್ಟಿದ ಹಗ್ಗ ಸಾಲದು. ಪ್ರಜ್ಞೆ ತಪ್ಪಿದ ಮೈ ಸೊಂಟದಲ್ಲಿ ಮಡಿಚಿ ಜೋತುಬೀಳುತ್ತದೆ, 60 ಸೆಂಟಿಮೀಟರ್ ಅಗಲದ ಮ್ಯಾನ್‌ಹೋಲ್ ಬಾಯಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಗಲು, ಎದೆ, ತೊಡೆ ಮೂರನ್ನೂ ಹಿಡಿಯುವ ಪೂರ್ಣ ಹಾರ್ನೆಸ್ ಬೇಕು, ಹಗ್ಗದ ಕೊಂಡಿ ಎರಡು ಹೆಗಲ ನಡುವೆ ಬೆನ್ನಿನ ಮೇಲ್ಭಾಗದಲ್ಲಿರಬೇಕು. ಆಗ ಮೈ ನೆಟ್ಟಗೆ ಮೇಲೇಳುತ್ತದೆ. ಮೇಲೆ ಮೂರು ಕಾಲಿನ ಟ್ರೈಪಾಡ್, ಅದಕ್ಕೆ ಕೈಯಿಂದ ತಿರುಗಿಸಿ ಹಗ್ಗ ಸುತ್ತಿ ಎತ್ತುವ ವಿಂಚ್. ದಂಡೆಯ ಅಂಚಿಗೆ ಉಜ್ಜುವ ಹಗ್ಗವನ್ನು ಬರಿಗೈಲಿ ಎಳೆಯಲು ನಾಲ್ಕು ಜನರಿದ್ದರೂ ಏದುಸಿರು ಬರುತ್ತದೆ, ವಿಂಚ್ ಇದ್ದರೆ ಒಬ್ಬ ಸಾಕು. ಇಳಿದವನೊಡನೆ ಮಾತಾಡುತ್ತಲೇ ಇರಲು ಬೇರೆ ಕೆಲಸವಿಲ್ಲದ ಒಬ್ಬ ಬಾಯಿಯ ಬಳಿ ನಿಲ್ಲಬೇಕು. ಉತ್ತರ ನಿಂತ ಕೂಡಲೇ ಕಾರಣ ಕೇಳದೆ ವಿಂಚ್ ತಿರುಗಿಸಬೇಕು. ಆಮ್ಲಜನಕವಿಲ್ಲದೆ ನಾಲ್ಕು ನಿಮಿಷಕ್ಕೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ, ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಅಷ್ಟರಲ್ಲಿ ಬರಲಾರದು. ಬೆನ್ನಿಗೆ ಮೊದಲೇ ಹಗ್ಗ ಕಟ್ಟಿದ್ದವನು ಮಾತ್ರ ಆ ನಾಲ್ಕು ನಿಮಿಷದೊಳಗೆ ಮೇಲೆ ಬರುತ್ತಾನೆ.

ಹಗ್ಗವಿಲ್ಲದೆ ಇಳಿದು ಬಿದ್ದಿದ್ದರೆ? 112ಕ್ಕೋ 101ಕ್ಕೋ ಕರೆ ಮಾಡಿ "ಗುಂಡಿಯಲ್ಲಿ ಗ್ಯಾಸ್, ಉಸಿರಾಟದ ಸಿಲಿಂಡರ್ ಬೇಕು" ಎಂದು ಬಿಡಿಸಿ ಹೇಳಿ. ಬ್ಲೋವರ್ ಇದ್ದರೆ ಕೊಳವೆಯನ್ನು ಬಿದ್ದವನ ಮುಖದ ಬಳಿಗೆ ಇಳಿಸಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬಾವಿಯನ್ನೆಲ್ಲ ತೊಳೆಯಲಾರದು, ಆದರೂ ಅದರ ಪೈಪಿನ ತುದಿ ಮೂಗಿನ ಹತ್ತಿರ ತಲುಪಿದರೆ ಏನೂ ಇಲ್ಲದ್ದಕ್ಕಿಂತ ಮೇಲು. ಅವನು ಕೈ ಆಡಿಸುತ್ತಿದ್ದರೆ ಕುಣಿಕೆ ಹಾಕಿದ ಹಗ್ಗ ಎಸೆಯಿರಿ. ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿ ದನಿಯವರು, ಊರಲ್ಲಿ ಮಾತು ನಡೆಯುವವರು ಯಾರೋ ಅವರು ಬಾಯಿಗೆ ಅಡ್ಡ ನಿಂತು ಮುಂದಿನವರನ್ನು ತಡೆಯಬೇಕು. ಸತ್ತರೂ ಸರಿ ಇಳಿಯುತ್ತೇನೆ ಎನ್ನುವ ತಮ್ಮನಿಗೆ "ಕಂಪ್ರೆಸರ್ ತಾ, ಹಗ್ಗ ಹಿಡಿ" ಎಂದು ಕೆಲಸ ಹಚ್ಚಬೇಕು. ಮೇಲೆತ್ತಿದ ಮೇಲೆ ಉಸಿರಿಲ್ಲದಿದ್ದರೆ ತಡಮಾಡದೆ ಎದೆಯ ನಡುವೆ 5–6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100–120 ಸಲ ಒತ್ತುತ್ತಿರಬೇಕು. ಅಗ್ನಿಶಾಮಕ ಸಿಬ್ಬಂದಿಯೂ ಬೆನ್ನಿಗೆ ಸಿಲಿಂಡರ್ ಕಟ್ಟದೆ ಇಳಿಯಕೂಡದು. 6 ಲೀಟರಿನ, 300 ಬಾರ್ ಒತ್ತಡದ ಸಿಲಿಂಡರಿನಲ್ಲಿ 1,800 ಲೀಟರ್ ಗಾಳಿ ಇರುತ್ತದೆ, ಲೆಕ್ಕಕ್ಕೆ ಮುಕ್ಕಾಲು ಗಂಟೆ ಬಂದರೂ ಹೆಣಭಾರ ಎತ್ತುವಾಗ ಅಷ್ಟು ಬರುವುದಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಕಟು ಮಾತನ್ನೂ ಹೇಳಬೇಕು. ಕೆಳಗಿಳಿಯುವವನಿಗೆ ಗೊತ್ತಿಲ್ಲ, ಸರಿ. ಇಳಿಸುವವನಿಗೆ ಬಹಳ ಸಲ ಗೊತ್ತಿರುತ್ತದೆ. ಹೇಳಿದರೆ ಆಳು ಇಳಿಯುವುದಿಲ್ಲ ಎಂದೇ ಹೇಳಿರುವುದಿಲ್ಲ. ವಾಸನೆ ತಡೆಯಲು ಎಂದು ಹೆಂಡ ಕುಡಿಸಿ ಇಳಿಸುವುದೂ ಇದೇ ಜಾತಿಯ ಮೋಸ. ಒಬ್ಬನ ಅಜ್ಞಾನದಿಂದ ಹುಟ್ಟಿದ ಧೈರ್ಯವನ್ನು ಇನ್ನೊಬ್ಬ ಕೂಲಿಗೆ ಕೊಳ್ಳುವುದು ಅಪರಾಧ. ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಪುನರ್ವಸತಿ ಕಾಯ್ದೆ 2013ರ 7ನೇ ಕಲಮು ಶೌಚಗುಂಡಿ, ಒಳಚರಂಡಿಗಳ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಹಚ್ಚುವುದನ್ನು ನಿಷೇಧಿಸಿದೆ. ಮೊದಲ ತಪ್ಪಿಗೆ 9ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮನೆಯ ಯಜಮಾನರಿಗೂ ಇದು ಅನ್ವಯ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 20ರಂದು ಆದೇಶಿಸಿದೆ. ಶೌಚಗುಂಡಿಗೆ ಸಕ್ಕಿಂಗ್ ಯಂತ್ರದ ಗಾಡಿ ಕರೆಸಿ. ಗಾಡಿ ಬಾರದ ಓಣಿಯಾದರೆ ಉದ್ದದ ಪೈಪಿನದು ಕೇಳಿ. ತಳದ ಗಟ್ಟಿ ಕೆಸರನ್ನು ನೀರು ಹಾಯಿಸಿ ಸಡಿಲಿಸಿದರೆ ಅದೂ ಪೈಪಿಗೆ ಬರುತ್ತದೆ. ಮನುಷ್ಯ ಇಳಿಯಬೇಕಾದ ಕಾರಣವೇ ಇಲ್ಲ.

2015ರ ನವೆಂಬರಿನಲ್ಲಿ ಕೋಳಿಕ್ಕೋಡಿನಲ್ಲಿ ಮ್ಯಾನ್‌ಹೋಲಿಗೆ ಬಿದ್ದ ಇಬ್ಬರು ಆಂಧ್ರದ ಕಾರ್ಮಿಕರನ್ನು ಉಳಿಸಲು ಆಟೋ ಚಾಲಕ ನೌಷಾದ್ ಇಳಿದರು. ಆ ಕಾರ್ಮಿಕರ ಪರಿಚಯವೂ ಅವರಿಗಿರಲಿಲ್ಲ. ಮೂವರೂ ಹೋದರು. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಗೆ ಒಬ್ಬ ಕಾರ್ಮಿಕ ಬಿದ್ದಾಗ, ಎತ್ತಲು ಹೋದವರೂ ಸೇರಿ ಪಶ್ಚಿಮ ಬಂಗಾಳದ ಐವರು ಪ್ರಾಣ ಬಿಟ್ಟರು. ಮನೆ ಬಿಟ್ಟು ಅಷ್ಟು ದೂರ ದುಡಿಯಲು ಬಂದವರು ಜೊತೆಗಾರನಿಗಾಗಿ ಒಂದು ಕ್ಷಣವೂ ಯೋಚಿಸದೆ ಕೈಚಾಚಿದರು. ಇಂಥವರಿಗೆ ಮನಸ್ಸು ಹೀಗಿರಬಾರದಿತ್ತು ಎಂದು ನಾವು ಎಂದೂ ಹೇಳೆವು. ಅವರ ಕೈಗೆ ವಿಂಚಿನ ಹಿಡಿಕೆ ಸಿಗಬೇಕಿತ್ತು.

ಆದ್ದರಿಂದ ಪತ್ರಿಕೆಯಲ್ಲಿ ನಮ್ಮದೊಂದು ಕೋರಿಕೆ. ಇಂಥ ಸುದ್ದಿ ಬಂದಾಗ "ಉಸಿರುಗಟ್ಟಿ ಸಾವು" ಎಂದು ಮುಗಿಸಬೇಡಿ. ಇಳಿಯುವ ಮುನ್ನ ಅನಿಲ ಅಳೆದಿದ್ದರೇ, ಬ್ಲೋವರ್ ಇತ್ತೇ, ಮೊದಲು ಇಳಿದವನ ಬೆನ್ನಿಗೆ ಹಗ್ಗ ಇತ್ತೇ, ಇಳಿಸಿದವರು ಯಾರು, ಈ ನಾಲ್ಕು ಪ್ರಶ್ನೆಗಳನ್ನು ನಿಮ್ಮ ವರದಿಗಾರರು ಠಾಣೆಯಲ್ಲಿ ಕೇಳಿ ಉತ್ತರವನ್ನೂ ಅಚ್ಚು ಹಾಕಲಿ. ಉತ್ತರ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯಲಿ. ಗ್ರಾಮ ಪಂಚಾಯಿತಿಗಳಿಗೂ ಒಂದು ಮಾತು: ಮಾಪಕ, ಬ್ಲೋವರ್, ಟ್ರೈಪಾಡ್, ಹಾರ್ನೆಸ್ ಪ್ರತಿ ಊರಿಗೂ ಬೇಕಿಲ್ಲ. ಹೋಬಳಿಗೆ ಒಂದು ಜೊತೆ ಇದ್ದು, ಅದನ್ನು ಬಳಸಲು ಬಲ್ಲ ಇಬ್ಬರ ಫೋನ್ ನಂಬರನ್ನು ಪಂಚಾಯಿತಿ ಗೋಡೆಯ ಮೇಲೆ ಬರೆಸಿದ್ದರೆ ಬಾವಿ ತೋಡುವವರು, ಹೂಳೆತ್ತುವವರು ದಿನ ಗೊತ್ತುಮಾಡಿ ಬಾಡಿಗೆಗೆ ಒಯ್ಯಬಹುದು. ಈ ಕೆಲಸ ಫೆಬ್ರುವರಿ ಮುಗಿಯುವುದರೊಳಗೆ ಆಗಬೇಕು, ಮಾರ್ಚಿಗೆ ಬಾವಿಗಳ ತಳ ಕಾಣಲು ಶುರುವಾಗುತ್ತದೆ.

ವಂದನೆಗಳೊಂದಿಗೆ,
ಸುರಕ್ಷತಾ ತರಬೇತುದಾರರ ತಂಡ, ದಾವಣಗೆರೆ